ಕರಿಯನಿಗೆ ಕತ್ತರಿ ಇಲ್ಲ
ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಶಿಕಾರಿಪುರ ಸೀಮೆಗೇ ತಾನೊಬ್ಬನೇ ಎನ್ನುವ ಸಣ್ಣಬೀರಪ್ಪನ ಮುಂದೆ, ಅವನ ಜೂಲುನಾಯಿ ಕರಿಯನ ಕ್ಷೌರದ ಮಾತೆತ್ತಬಾರದು. ದಿನಾ ಬೆಳಿಗ್ಗೆ ಅದನ್ನು ಜಗಲಿಯ ಮೇಲೆ ಮಲಗಿಸಿ, ಹೆಂಡತಿಯ ಹಣಿಗೆಯಿಂದಲೇ ಬಾಚಿ, ಉದುರುವ ಒಳಗೂದಲನ್ನು ಬುಟ್ಟಿಗಟ್ಟಲೆ ತೆಗೆಯುತ್ತಾನೆ. ದಾರಿಹೋಕರು ಯಾರಾದರೂ “ಸೆಕೆ ಐತಲ್ಲ ಬೀರಪ್ಪಣ್ಣ, ಕತ್ತರಿ ಆಡ್ಸು” ಎಂದರೆ ಸಾಕು, “ಅದೇನ್ ಕುರಿಯೇನಲೇ? ಮೇಲಿನ ಕೂದ್ಲು ಅದಕ್ಕೆ ಕೊಡೆ! ನಿನ್ ಮನಿ ಹೆಂಚು ತೆಗೆದ್ರೆ ತಂಪಾಗ್ತದೇನು?” ಎಂದು ಬೀದಿಯ ಕೊನೆವರೆಗೂ ಬೈದು ಕಳಿಸುತ್ತಾನೆ. ಹೊಸ ಸೊಸೆ ಸಂಗೀತ “ಇದನ್ನೆಲ್ಲ ಯಾರು ಕಲ್ಸಿದ್ರು ಮಾವ?” ಎಂದಾಗ ಮಾತ್ರ ಹಣಿಗೆ ನಿಂತಿತು. “ಇದರ ತಾಯಿ” ಎಂದ. ಹಿಂದೊಂದು ಬೇಸಿಗೆಯಲ್ಲಿ ತಂಪಾಗಲೆಂದು ಆ ತಾಯಿನಾಯಿಗೆ ಚರ್ಮದವರೆಗೂ ಕತ್ತರಿ ಆಡಿಸಿದವನು ಅವನೇ. ಬಿಸಿಲಿಗೆ ಬೆನ್ನು ಬೆಂದು ಬೊಬ್ಬೆ ಎದ್ದರೂ ಅದು ಕುರಿ ಕಾಯುವುದು ಬಿಟ್ಟು ನೆರಳಿಗೆ ಹೋಗಲಿಲ್ಲ.