ಡಾಕ್ಟರ ಡಬ್ಬಿಗೆ ಹಳದಿ ಬಣ್ಣ

ನಮ್ಮ ಓಣಿಯ ಇಕ್ಬಾಲ್ ಒಂದು ಹಳೆಯ ಪುಟ್ಟ ಕಾರು ತಂದು ಮನೆ ಮುಂದೆ ನಿಲ್ಲಿಸಿಕೊಂಡಿದ್ದಾನೆ. ಅದನ್ನು ಹಳೇ ಸಿನಿಮಾವೊಂದರ ನಾಯಕನ ಕಾರಿನಂತೆಯೇ ಮಾಡಬೇಕೆಂಬ ಹುಚ್ಚು ಅವನಿಗೆ. ನಿನ್ನೆಯಿಂದ ಥಿನ್ನರಿನ ವಾಸನೆ ನನ್ನ ಅಡುಗೆಮನೆಯವರೆಗೂ ಬರುತ್ತಿದೆ. ಹಿಂದೊಮ್ಮೆ ನಾನೂ ಅಂಥದೇ ಕಾರು ಮಾಡಿದ್ದೆನೆಂದು ಅವನಿಗೆ ಯಾರೋ ಹೇಳಿದರಂತೆ. ಬೆಳಿಗ್ಗೆ ಬಂದು, "ಸರ, ಆ ಹಳದಿ ಬಣ್ಣ ಹೆಂಗ ಕಲಸಬೇಕ್ರಿ?" ಎಂದು ಕೇಳಿದ.

ಎಪ್ಪತ್ತರ ದಶಕದ ಮಾತು. ನಮ್ಮ ಕಾಕಾ ಮಾನ್ವಿಯಲ್ಲಿ ಡಾಕ್ಟರು. ದೇವದುರ್ಗದ ವಕೀಲರೊಬ್ಬರಿಂದ ಕೊಂಡ ದುಂಡು ಬೆನ್ನಿನ ಕಪ್ಪು ಕಾರು ಅವರಲ್ಲಿತ್ತು. ಹಳ್ಳಿಯವರು ಅದನ್ನು ಡಾಕ್ಟರ ಡಬ್ಬಿ ಎನ್ನುತ್ತಿದ್ದರು. ವಾರಕ್ಕೆರಡು ದಿನ ಕಾಕಾ ಅದರಲ್ಲಿ ಕಲ್ಲೂರು, ಮಲ್ಲಟದ ಕಡೆ ಹೋಗುತ್ತಿದ್ದರು. ಫೋನಿಲ್ಲದ ಕಾಲ. ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಒಬ್ಬರು ಬಂದು ರಸ್ತೆ ಬದಿಯ ಬೇವಿನ ಮರದಡಿ ಕೂಡಬೇಕು, ದೂರದಲ್ಲಿ ಕಪ್ಪು ಡಬ್ಬಿ ಕಂಡೊಡನೆ ಎದ್ದು ಟವೆಲ್ ಬೀಸಬೇಕು. ಬೀಸಿದವರನ್ನು ಕಾಕಾ ಬಿಟ್ಟು ಹೋದದ್ದಿಲ್ಲ. ಸುಮ್ಮನೆ ಕೂತವರ ಬಳಿ ನಿಲ್ಲಿಸುತ್ತಿರಲಿಲ್ಲ. ಬಸ್ಸಿಗೆ ಕಾಯುವವರೂ ಅಲ್ಲೇ ಕೂಡುತ್ತಿದ್ದರಲ್ಲ.

ನನಗೋ ಆ ಕಾರೆಂದರೆ ನಾಚಿಕೆ. ಬಿ.ಎ. ಎರಡು ಸಲ ಬರೆದು, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು, ಬೆಲ್‌ಬಾಟಮ್ಮಿನಲ್ಲಿ ರಾಯಚೂರಿನ ರಸ್ತೆ ಗುಡಿಸುತ್ತಾ ತಿರುಗುವ ಶೂರ ನಾನು. ಎಂಜಿನ್ ಕೆಟ್ಟಾಗ ಕಾಕಾ ಕಾರನ್ನು ರಾಯಚೂರಿನ ಮೆಕ್ಯಾನಿಕ್ ಮಹಬೂಬನ ಗ್ಯಾರೇಜಿಗೆ ನನ್ನ ಜೊತೆ ಕಳಿಸಿದರು. "ಎಂಜಿನ್ ಛಲೋ ಮಾಡಿಸ್ಕೊಂಡು ಬಾ" ಎಂದಷ್ಟೇ ಹೇಳಿದ್ದರು. ಎಂಜಿನ್ ಬಿಚ್ಚಿ ಕಟ್ಟಿದೆವು, ತುಕ್ಕು ತಿಂದ ತಳಕ್ಕೆ ಹೊಸ ತಗಡು ಹಾಕಿದೆವು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಇಕ್ಬಾಲ್ ಹೇಳುವ ಅದೇ ಸಿನಿಮಾ ಆಗ ಹೊಸದು; ಮ್ಯಾಟಿನಿಯಲ್ಲಿ ಅದನ್ನು ನೋಡುವುದು, ಸಂಜೆ ಬಂದು ಬಣ್ಣ ಕಲಸಿ ಹೋಲಿಸುವುದು ಶುರುವಾಯಿತು. ಹೀಗೆ ಏಳು ಸಲ ನೋಡಿದೆ. ನಮ್ಮ ಕಾರಿಗೂ ಅದೇ ಹಳದಿ ಮೈ, ಕೆಂಪು ಪಟ್ಟಿ, ರಾಗ ಹಾಡುವ ಹಾರ್ನು ಬೇಕೆಂದೆ.

"ಡಾಕ್ಟರ್ ಸಾಬ್ರಿಗೆ ಒಂದ್ ಮಾತು ಕೇಳೀಯೇನು?" ಎಂದ ಮಹಬೂಬ. ಕೇಳಿದ್ದೇನೆಂದು ಸುಳ್ಳು ಹೇಳಿದೆ.

ಕಾರನ್ನು ಮಾನ್ವಿಗೆ ತಂದು ನಿಲ್ಲಿಸಿದಾಗ ಕಾಕಾ ಅದರ ಸುತ್ತ ಒಮ್ಮೆ ನಡೆದು ಬಂದರು. "ಮದಲಗಿತ್ತಿ ಮಾಡಿ ತಂದೀಯಲ್ಲಲೇ. ಓಡ್ತದಿಲ್ಲ?" ಎಂದರು. ಓಡುತ್ತಿತ್ತು. ಅಷ್ಟಾದರೆ ಸಾಕೆಂದು ಮರುದಿನ ಮದುವೆಯೊಂದಕ್ಕೆ ಬಸ್ಸಿನಲ್ಲಿ ಹೈದರಾಬಾದಿಗೆ ಹೊರಟುಹೋದರು.

ಅದೇ ವಾರ ಮಾನ್ವಿಯ ಟೆಂಟಿಗೆ ಆ ಸಿನಿಮಾ ಬಂತು. ಟೆಂಟಿನ ಮಾಲೀಕ ನನ್ನನ್ನು ನಾಲ್ಕು ಮಾತು ಹೊಗಳಿದ್ದೇ ತಡ, ಕಾರಿನ ನೆತ್ತಿಗೆ ಮೈಕು ಕಟ್ಟಿಸಿಕೊಂಡು ನಾಲ್ಕು ದಿನ ಕಲ್ಲೂರು, ಮಲ್ಲಟ ಸುತ್ತಿದೆ. ಜನ ಓಡಿಬಂದು ಕೈ ಬೀಸುತ್ತಿದ್ದರು. ನಾನು ನಿಲ್ಲಿಸದೆ, ಸಿನಿಮಾ ಪ್ರಚಾರದ ಗುಲಾಬಿ ಬಣ್ಣದ ಚೀಟಿಗಳನ್ನು ಗಾಳಿಗೆ ಎಸೆದು, ಹಾರ್ನು ಹಾಡಿಸಿ ಮುಂದೆ ಹೋಗುತ್ತಿದ್ದೆ. ನಾಯಕರು ಎಲ್ಲಿಯಾದರೂ ನಿಲ್ಲುತ್ತಾರೆಯೇ?

ಕಾಕಾ ಹೈದರಾಬಾದಿನಿಂದ ಬಂದವರು ಎಂದಿನಂತೆ ಅದೇ ಕಾರಿನಲ್ಲಿ ಮಲ್ಲಟಕ್ಕೆ ಹೊರಟರು. ಕಲ್ಲೂರಿನ ಬೇವಿನ ಮರದಡಿ ಕುರಿ ಕಾಯುವ ಹನುಮಪ್ಪ ಬೆಳಿಗ್ಗೆಯಿಂದ ಕೂತಿದ್ದ. ಅವನ ನಾಲ್ಕು ವರ್ಷದ ಮಗಳಿಗೆ ವಾಂತಿಭೇದಿ. ಹಳದಿ ಕಾರು ಹೋಗುವಾಗಲೂ ನೋಡಿದ, ಮಧ್ಯಾಹ್ನ ತಿರುಗಿ ಬರುವಾಗಲೂ ನೋಡಿದ. ಏಳಲಿಲ್ಲ. ಕಪ್ಪು ಡಬ್ಬಿಯ ದಾರಿ ಕಾಯುತ್ತಲೇ ಇದ್ದ. ಹೊತ್ತು ಮುಳುಗುವ ಮೊದಲು ಕೂಸು ಹೋಯಿತು.

ಎಂಟು ದಿನ ಬಿಟ್ಟು, ಊಟ ಬಿಟ್ಟಿದ್ದ ಹೆಂಡತಿಯನ್ನು ತೋರಿಸಲು ಅವನು ಮಾನ್ವಿಯ ದವಾಖಾನೆಗೆ ಬಂದ. ಹೊರಗೆ ನಿಂತಿದ್ದ ಕಾರನ್ನು ನೋಡಿ ಕಾಕಾ ಅವರ ಮುಂದೆ ಕೈಕಟ್ಟಿ ಹೇಳಿದ: "ಇದು ನಿಮ್ಮ ಗಾಡಿ ಅಂತ ಗೊತ್ತಾಗ್ಲಿಲ್ರಿ ಯಪ್ಪಾ. ಸಿನಿಮಾದ್ದು ಅನ್ಕೊಂಡೆ. ನಾವು ಕೈ ಮಾಡಿದ್ರ ಅವ್ರು ನಿಂದ್ರಂಗಿಲ್ಲ, ಚೀಟಿ ಒಗದು ಹೋಗ್ತಾರ. ಅದಕ್ಕ ಎದ್ದಿಲ್ರಿ. ನಂದ ತಪ್ಪು."

ಅವನು ಬೈದಿದ್ದರೆ ಇಷ್ಟು ವರ್ಷದಲ್ಲಿ ಹೇಗಾದರೂ ಅರಗಿಸಿಕೊಳ್ಳುತ್ತಿದ್ದೆ. ನಾನು ಔಷಧದ ಕಪಾಟಿನ ಪಕ್ಕದಲ್ಲೇ ನಿಂತಿದ್ದೆ. ಚೀಟಿ ಒಗೆದವನು ನಾನೇ ಎಂದು ಬಾಯಿ ಬಿಡಲಿಲ್ಲ.

ಮರುದಿನ ಕಾಕಾ ಬಾಗಿಲಿಗೆ ಬಳಿಯುವ ಕಪ್ಪು ಬಣ್ಣ ತರಿಸಿ, ತಾವೇ ಬ್ರಷ್ ಹಿಡಿದು ಕಾರಿಗೆ ಬಳಿಯತೊಡಗಿದರು. ನಾನು ಇನ್ನೊಂದು ಬ್ರಷ್ ಎತ್ತಿಕೊಂಡೆ. "ನೀ ಮುಟ್ಟಬ್ಯಾಡ" ಎಂದರು. ಸಾಯುವವರೆಗೂ ಆ ಕಾರಿನ ಕೀಲಿ ನನ್ನ ಕೈಗೆ ಕೊಡಲಿಲ್ಲ.

ಇಕ್ಬಾಲನಿಗೆ ಹೇಳಿದೆ: ಐದು ಡಬ್ಬಿ ಹಳದಿಗೆ ಕಾಲು ಡಬ್ಬಿ ಕೆಂಪು, ಮೇಲೊಂದು ಚಮಚ ಬಿಳಿ. "ಎಷ್ಟು ಛಲೋ ನೆನಪದರೀ ನಿಮಗ" ಎಂದು ಖುಷಿಯಿಂದ ಬರೆದುಕೊಂಡು ಹೋದ.

ನೆನಪಿದೆ. ಹಾರ್ನಿನ ರಾಗವೂ ನೆನಪಿದೆ. ಆ ಕೂಸಿನ ಹೆಸರು ಮಾತ್ರ ಗೊತ್ತಿಲ್ಲ. ಅಂದು ಹನುಮಪ್ಪ ಎದುರಿಗೇ ನಿಂತಿದ್ದ, ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಹೊಳೆದದ್ದೇ ಇವತ್ತು, ಇಕ್ಬಾಲ್ ಎದ್ದು ಹೋದ ಮೇಲೆ.