ಮಾರ್ಕರ್ ಮಾಣಿಕಪ್ಪನ ಸ್ವಂತ ಆಟ

ಮಣ್ಣಿನ ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವಷ್ಟರಲ್ಲಿ ಮಾಣಿಕಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ಲಬ್ಬಿನಲ್ಲಿ ಅವನು ಟೆನಿಸ್ ಮಾರ್ಕರ್. ಕೋರ್ಟು ಸಜ್ಜು ಮಾಡಬೇಕು, ಜೊತೆ ಸಿಗದ ಸಾಹೇಬರೊಡನೆ ಆಡಬೇಕು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆ ಸಂಜೆ ಮಾತ್ರ ಅವನು ತನಗಾಗಿ ಆಡುವವನಿದ್ದ. ಶಹಾಬಾದಿನ ಪಂದ್ಯಾವಳಿಗೆ ಕಾರ್ಖಾನೆಯಿಂದ ಒಬ್ಬನೇ ಆಟಗಾರ. ಅದಕ್ಕಾಗಿ ಅವನೂ ಆಫೀಸಿನ ಗುಮಾಸ್ತ ಸೂರ್ಯಕಾಂತನೂ ಒಂದು ಸೆಟ್ ಆಡಲಿ ಎಂದಿದ್ದರು ಮ್ಯಾನೇಜರ್ ಹಣಮಂತರಾಯರು. ಆ ಸೆಟ್ ಗೆದ್ದರೆ ಮಾಣಿಕಪ್ಪನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ.

ಚೆಂಡು ಸಾಹೇಬರ ಕೈಗೆಟುಕುವಂತೆಯೇ ಹೋಗಬೇಕು: ಮಾರ್ಕರನಿಗೆ ಇದೊಂದೇ ಪಾಠ. ಹದಿನಾರನೇ ವಯಸ್ಸಿನಿಂದ ಮಾಣಿಕಪ್ಪ ಅದನ್ನೇ ಮಾಡಿದ್ದ. ಕೂಲಿಗೆ ಆಡುವವರೆಂದು ಮಾರ್ಕರುಗಳನ್ನು ದೊಡ್ಡ ಪಂದ್ಯಗಳಿಗೆ ಸೇರಿಸುತ್ತಿರಲಿಲ್ಲ. ಅರವತ್ತೆಂಟರ ನಂತರ ಆ ಕಟ್ಟು ಸಡಿಲಾದಾಗ ಅವನು ಹೈದರಾಬಾದು, ಪುಣೆ ಅಲೆದು ಆರೇಳು ವರ್ಷ ಆಡಿದ. ಎರಡನೇ ಸುತ್ತು ದಾಟಲಿಲ್ಲ. ಸೊಲ್ಲಾಪುರದಲ್ಲಿ ಒಮ್ಮೆ ಹೆಸರಾಂತ ಆಟಗಾರನೊಬ್ಬ ಮೂಲೆಯಲ್ಲಿ ಜಾರಿ ಬಿದ್ದ. ಇಡೀ ಕೋರ್ಟು ಖಾಲಿ. ಮಾಣಿಕಪ್ಪ ಹೊಡೆದ ಚೆಂಡು ಬಿದ್ದವನ ಮಗ್ಗುಲಿಗೇ ಹೋಯಿತು. ಅವನು ಎದ್ದು ಹೊಡೆದು ಗೆದ್ದ. ರೂಢಿ ಬಿಡಲಿಲ್ಲ, ಮಾಣಿಕಪ್ಪ ವಾಡಿಗೆ ಮರಳಿದ.

“ಇವತ್ತರ ಎದುರಿನವ್ರಿಗೆ ಉಣಸಾಕ ಹೋಗಬ್ಯಾಡ್ರಿ,” ಎಂದಿದ್ದಳು ಹೆಂಡತಿ ಸಾಬಮ್ಮ, ಅವನು ಮನೆಯಿಂದ ಹೊರಡುವಾಗ. “ಚೆಂಡೇನ್ ರೊಟ್ಟಿ ಅದ ಏನ್ರಿ, ಬಡಸಲಿಕ್ಕ?”

ಸೂರ್ಯಕಾಂತ ಆಟ ಕಲಿತದ್ದು ಮಾಣಿಕಪ್ಪನಿಂದಲೇ. ಸೆಟ್ಟಿನ ಮೊದಲ ಮೂರು ಗೇಮು ಸೂರ್ಯಕಾಂತನ ಪಾಲಾದವು. ಮಾಣಿಕಪ್ಪನ ಕೈ ತಾನಾಗಿಯೇ ಚೆಂಡನ್ನು ಅವನ ಬಲಕ್ಕೆ ಒಯ್ಯುತ್ತಿತ್ತು.

“ಭಾಳ ಛಂದ ಕೊಡಾಕತ್ತೀರಿ, ಉಸ್ತಾದ್!” ಎಂದು ಸೂರ್ಯಕಾಂತ ನಕ್ಕ.

ಅಲ್ಲಿಂದಾಚೆ ಮಾಣಿಕಪ್ಪ ಎದುರಾಳಿಯನ್ನು ನೋಡುವುದನ್ನೇ ಬಿಟ್ಟು, ಅವನಿಲ್ಲದ ಜಾಗವನ್ನು ಹುಡುಕಿದ. ಎರಡು ಚೆಂಡು ಗೆರೆಯಾಚೆ ಬಿದ್ದವು. ಮೂರನೆಯದು ಎಡಮೂಲೆಯಲ್ಲಿ ಸುಣ್ಣ ಎಬ್ಬಿಸಿತು. ಗುರುವಿನಿಂದ ಎಂದೂ ಅಂಥ ಹೊಡೆತ ಕಾಣದ ಸೂರ್ಯಕಾಂತ ಕಾಲು ಕೀಳದೆ ನಿಂತ.

“ಇದೇನ್ರಿ ಇದು?”

“ಇಷ್ಟ ದಿನ ನೌಕರಿ ಮಾಡ್ತಿದ್ದೆ, ತಮ್ಮಾ. ಈಗ ಆಡಾಕತ್ತೀನಿ.”

ಹಣಮಂತರಾಯರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಸೆಟ್ ಏಳು-ಐದಕ್ಕೆ ಮಾಣಿಕಪ್ಪನದಾಯಿತು.

ಸೋಮವಾರದಿಂದ ಅವನು ಕಾರ್ಖಾನೆಯ ಸ್ಟೋರಿನಲ್ಲಿ ಕಾಯಂ ನೌಕರ. ಶನಿವಾರ ಪ್ಯಾಸೆಂಜರ್ ಗಾಡಿಗೆ ಶಹಾಬಾದಿಗೆ ಹೊರಡುತ್ತಾನೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಅವನ ಅಭ್ಯಾಸಕ್ಕೆ ಎದುರು ನಿಲ್ಲುವವನು ಸೂರ್ಯಕಾಂತ.