ನಂದಿಮರದ ಹೊಸ್ತಿಲು

ಹರಿಹರದ ಮರದ ಮಿಲ್ಲಿನಲ್ಲಿ ಗರಗಸದ ಕೆಲಸ ಮಾಡುತ್ತಿದ್ದ ನಿಂಗಪ್ಪ, ೧೯೫೮ರಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿ ವಾಮದೇವಪ್ಪನವರ ಹೊಸ ಮನೆಗೆ ಹೊಸ್ತಿಲು ತಂದ. ಬೇಸಿಗೆಯಲ್ಲಿ ಕಾಡಿನ ನೆತ್ತಿಯ ಮೇಲೆ ಬಿಳಿ ಹೂ ಹೊತ್ತು ನಿಲ್ಲುವ ಎತ್ತರದ ಮರದ್ದು ಅದು.

“ಯಾವ ಮರನೋ?”

“ನಂದಿ ಮರ ರೀ, ಸಾವ್ಕಾರ್ರೆ.”

“ಶಿವ ಶಿವಾ! ನಂದಿನ ಕಾಲಡಿ ಹಾಕ್ಕಂಡು ದಾಟ್ಬೇಕೇನಲೇ ನಾವು? ತಗಂಡ್ ನಡಿ!”

ವಾರ ಬಿಟ್ಟು ನಿಂಗಪ್ಪ ಅದೇ ಹೊಸ್ತಿಲನ್ನು ಇನ್ನಷ್ಟು ನುಣುಪು ಮಾಡಿ ತಂದ. ಈ ಸಲ ಆ ಮರವನ್ನು ಟಿಂಬರ್ ಡಿಪೋದವರು ಕರೆಯುವ ಹೆಸರು ಹೇಳಿದ: “ಬೆಂಟೀಕ್ ರೀ.”

ಇಂಗ್ಲಿಷ್ ಹೆಸರು ಕೇಳಿ ಸಾಹುಕಾರರ ಮುಖ ಅರಳಿತು. ನಿಂಗಪ್ಪನೇ ಕೂರಿಸಿದ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಮನೆಮಂದಿಯೆಲ್ಲ ದಾಟಿ ಒಳಹೋದರು. ಹಿಂದೆಯೇ ನಿಂಗಪ್ಪ ಕಾಲೆತ್ತಿದ.

“ಏಯ್, ನಿನ್ನ ಜಾತಿ ಮರ್ತೇನಲೇ? ಅಲ್ಲೇ ನಿಲ್ಲು!”

ಎತ್ತಿದ ಕಾಲನ್ನು ನಿಂಗಪ್ಪ ಅಂಗಳಕ್ಕೇ ಇಳಿಸಿದ. ಮರಕ್ಕಾದರೆ ಇನ್ನೊಂದು ಹೆಸರಿತ್ತು.